ಒಗೆಯಬಾರದಿದ್ದ ಬಟ್ಟೆ

ಊರವರ ಬಟ್ಟೆ ಒಗೆದೇ ತಲೆ ನರೆಸಿಕೊಂಡ ಅಜ್ಜಿಗೆ ಕಲೆ ಕಂಡರೆ ಕೈ ಸುಮ್ಮನಿರದು. ಅವಳ ಮೊಮ್ಮಗಳು ಮಲದ್ವಾರವೇ ಇಲ್ಲದೆ ಹುಟ್ಟಿದ್ದಳು. ಡಾಕ್ಟರಮ್ಮ ಆಪರೇಷನ್ ಮಾಡಿ, ಸ್ಕ್ಯಾನಿಂಗ್ ಪರದೆ ನೋಡುತ್ತಲೇ, ಮಲ ಹಿಡಿಯುವ ಸ್ನಾಯುವಿನ ನಟ್ಟನಡುವೆ ಹೊಸ ದಾರಿ ಮಾಡಿದ್ದರು. "ಕಕ್ಕ ಮಾಡಿದ್ರೆ ಗೆದ್ದ ಹಾಗೆ. ಆ ಬಟ್ಟೆ ಹಾಗೇ ನನಗೆ ತೋರಿಸಿ," ಎಂದಿದ್ದರು.

ಮರುದಿನ ಅವರು ವಾರ್ಡಿಗೆ ಬಂದಾಗ ಆ ಬಟ್ಟೆ ಕಿಟಕಿಯ ಹಗ್ಗದ ಮೇಲೆ ಹಾಲಿನಂತೆ ಬೆಳ್ಳಗೆ ಒಣಗುತ್ತಿತ್ತು.

"ಅಯ್ಯೋ ಅತ್ತೆ, ಒಗೆದೇ ಬಿಟ್ರಾ!" ಸೊಸೆ ಹಣೆ ಚಚ್ಚಿಕೊಂಡಳು.

"ಮಾಡಿದ್ಲು ಡಾಕ್ಟ್ರಮ್ಮಾ, ನನ್ನಾಣೆ! ಈ ಹಾಳು ಕೈ ಕೇಳ್ಬೇಕಲ್ಲ!"

"ಸರಿಯಾದ ಜಾಗದಿಂದ್ಲೇ ಬಂತಾ ಅಂತ ನಾನು ನೋಡ್ಬೇಕಲ್ಲಜ್ಜೀ," ಎನ್ನುತ್ತ ಡಾಕ್ಟರಮ್ಮ ಮಗುವನ್ನು ಎತ್ತಿಕೊಂಡರು. ಅಷ್ಟರಲ್ಲಿ ಅವರ ಬಿಳಿ ಕೋಟೇ ಸಾಕ್ಷಿಯಾಯಿತು.

ಡಾಕ್ಟರಮ್ಮ ಗೊಳ್ಳನೆ ನಕ್ಕರು. ಅಜ್ಜಿ ಆಗಲೇ ಕೈಚಾಚಿದ್ದಳು: "ನೋಡಿ ಆಯ್ತಲ್ಲ, ಕೋಟು ಬಿಚ್ಚಿಕೊಡಿ ತಾಯೀ. ಕಲೆ ಹಸಿಯಾಗಿದ್ದಾಗ್ಲೇ ಹೋಗೋದು!"