ಅತ್ತೆಯವರು ಹತ್ತಲಾಗದ ಕಾರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆ ಕಾರನ್ನು ನಾನು ಕೊಂಡದ್ದು ಶುದ್ಧ ಜಂಬಕ್ಕೆ. ಬಿ.ಟಿ.ಎಂ. ಲೇಔಟಿನಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡ, ನಲವತ್ತು ದಾಟಿದ, ಹೊಟ್ಟೆ ಮುಂದೆ ಬಂದ ಮನುಷ್ಯನಿಗೆ ಎರಡು ಬಾಗಿಲಿನ, ಆರು ಗೇರಿನ, ರೇಸಿಗೆಂದೇ ಹುಟ್ಟಿದ ವಿದೇಶಿ ಕಾರಿನಿಂದ ಏನಾಗಬೇಕಿತ್ತು? ಆದರೆ ಅದು ಎರಡು ಸಾವಿರದ ಇಸವಿ ದಾಟಿದ ಕಾಲ. ಊರಿಗೆ ಊರೇ ಏನಾದರೊಂದನ್ನು ಕೊಳ್ಳುತ್ತಿತ್ತು. ನನ್ನ ಜೊತೆ ಓದಿದವರಲ್ಲಿ ಬುದ್ಧಿ ಇದ್ದವರು ಸೈಟು ಕೊಂಡರು. ನಾನು ಮುಂಬಯಿಯ ಯಾರೋ ಶ್ರೀಮಂತ ಓಡಿಸಿ ಬೇಸತ್ತ ಕಾರನ್ನು ಕೊಂಡೆ.

ದಸರಾ ಹೊತ್ತಿಗೆ ಕಾರು ಮನೆಗೆ ಬಂತು. ಜಯನಗರ ಐದನೇ ಬ್ಲಾಕಿನ ನಮ್ಮ ಮನೆಯ ಮುಂದೆ ಒಂದೇ ಕಾರಿಗೆ ಜಾಗ. ಹಾಗಾಗಿ ಒಂಬತ್ತು ವರ್ಷ ಒಂದು ದಿನವೂ ಕೈಕೊಡದ, ಎತ್ತರದ, ಡಬ್ಬದಂಥ ಹಳೆಯ ಕಾರನ್ನು ಮಾರಿದೆ. ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಹೆಂಡತಿ ಹೊಸ ಕಾರನ್ನು ಒಂದು ಸುತ್ತು ಹಾಕಿ ನೋಡಿದಳು.

“ಶೋಕಿಗೆ ಸರಿ. ದಿನಾ ಓಡಿಸೋಕಾಗತ್ತಾ ಇದನ್ನ?”

“ಧಾರಾಳವಾಗಿ.”

“ನೋಡೋಣ. ಯುಗಾದಿವರೆಗೆ ಟೈಮ್ ಕೊಟ್ಟಿದೀನಿ. ಆಮೇಲೆ ಇಟ್ಕೋತೀರೋ ಮಾರ್ತೀರೋ, ಒಂದು ತೀರ್ಮಾನ ಆಗ್ಬೇಕು.”

ಗಣಪತಿ ದೇವಸ್ಥಾನದ ಮುಂದೆ ಪೂಜೆ ಮಾಡಿಸಿದೆವು. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಾಯಿತು. ಕುಂಬಳಕಾಯಿಯನ್ನು ಕಾರಿನ ಮುಂದೆ ನಿವಾಳಿಸಿ ಒಡೆದ ಅರ್ಚಕರು ದಕ್ಷಿಣೆಗೆ ತಟ್ಟೆ ಒಡ್ಡುತ್ತಾ, “ಸಾರ್, ಎಷ್ಟು ಕೊಡತ್ತೆ?” ಅಂದರು. ಅವರು ಕೇಳಿದ್ದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು. ಪೇಪರಿನವನಿಂದ ಹಿಡಿದು ಹೃದಯದ ಡಾಕ್ಟರರವರೆಗೆ ಆ ಕಾರನ್ನು ನೋಡಿದ ಪ್ರತಿಯೊಬ್ಬನೂ ಕೇಳಿದ್ದು ಇದೇ ಪ್ರಶ್ನೆ. ಎಷ್ಟು ವೇಗ ಹೋಗುತ್ತದೆ ಎಂದು ದಕ್ಷಿಣ ಬೆಂಗಳೂರಿನ ಒಂದು ನರಪಿಳ್ಳೆಯೂ ಕೇಳಲಿಲ್ಲ. ಕೇಳದಿದ್ದದ್ದು ಒಳ್ಳೆಯದೇ ಆಯಿತು, ನನಗೂ ಗೊತ್ತಿರಲಿಲ್ಲ. ಆರು ಗೇರುಗಳಲ್ಲಿ ಮೂರನ್ನು ನಾನು ಬಳಸುತ್ತಿದ್ದೆ. ಉಳಿದ ಮೂರು ಮನೆಗೆ ಬಂದ ದೂರದ ನೆಂಟರ ಹಾಗೆ ಸುಮ್ಮನೆ ಇದ್ದವು.

ರಸ್ತೆ ಹಂಪುಗಳ ವಿಚಾರ ಹೇಳಲೇಬೇಕು. ನಮ್ಮ ಕಡೆ ಒಬ್ಬ ಕಾರ್ಪೊರೇಟರು ಬದಲಾದರೆ ಎರಡು ಹಂಪು ಹುಟ್ಟುತ್ತವೆ. ಆ ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣಿಗಿಂತ ಕಡಿಮೆ. ನೇರ ಹೋದರೆ ಕೆಳಗೆ ಕರ್ರೆಂದು ಉಜ್ಜುತ್ತಿತ್ತು. ಅದಕ್ಕೆ ಹಂಪಿನ ಮೇಲೆ ಕಾರನ್ನು ಓರೆಯಾಗಿ ಹತ್ತಿಸಿ, ಒಂದೊಂದೇ ಚಕ್ರವನ್ನು ಮಗುವನ್ನು ಇಳಿಸುವ ಹಾಗೆ ಇಳಿಸಬೇಕು. ಅಷ್ಟರಲ್ಲಿ ಹಿಂದೆ ಬಸ್ಸು, ಟೆಂಪೋ, ನೀರಿನ ಟ್ಯಾಂಕರು ಎಲ್ಲ ಸೇರಿ ಹಾರ್ನು. ಒಮ್ಮೆ ಒಬ್ಬ ಸ್ಕೂಟರಿನವನು ಪಕ್ಕಕ್ಕೆ ಬಂದು, “ಅಂಕಲ್, ಬೇಕಾದ್ರೆ ತಳ್ಳಲಾ?” ಎಂದು ಕೇಳಿದ. ತಮಾಷೆಗಲ್ಲ, ನಿಜವಾದ ಕನಿಕರದಿಂದ ಕೇಳಿದ. ಅದೇ ಹೆಚ್ಚು ಉರಿಯಿತು.

ಕ್ಲಿನಿಕ್ಕಿನಲ್ಲೂ ಕಾರಿನಿಂದ ಲಾಭವಾಗಲಿಲ್ಲ. ಧಾರವಾಡ ಕಡೆಯ ಒಬ್ಬಾಕೆ, ಮಡಿವಾಳದ ಆಫೀಸೊಂದರಲ್ಲಿ ಕೆಲಸದಲ್ಲಿದ್ದವಳು, ಹಲ್ಲಿಗೆ ಕ್ಯಾಪ್ ಹಾಕಬೇಕು ಎಂದು ನಾನು ಹೇಳಿದಾಗ ಕುರ್ಚಿಯಲ್ಲಿ ಒರಗಿಕೊಂಡೇ ಕೇಳಿದಳು: “ಡಾಕ್ಟರ, ಹೊರಗ ನಿಂತಿರೋ ಕಾರ್ ನಿಮ್ಮದೇನ್ರಿ?”

“ಹೌದಮ್ಮ.”

“ಹಂಗಾರ ಕ್ಯಾಪ್ ಖರೇನ ನನ್ನ ಹಲ್ಲಿಗೆ ಬೇಕಾಗೇತೋ, ಇಲ್ಲಾ ಆ ಕಾರಿಗೆ ಬೇಕಾಗೇತೋ?”

ಇಷ್ಟೆಲ್ಲ ಅವಮಾನವನ್ನು ನಾನು ನುಂಗಿಕೊಂಡೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನು ಇನ್ನೇನು ಮಾಡಿಯಾನು? ನುಂಗಲಾಗದ್ದು ಬೇರೆ ಇತ್ತು, ಅದು ಅತ್ತೆಯವರದು.

ನನ್ನ ಹೆಂಡತಿಯ ತಾಯಿ ಗಂಡ ತೀರಿಕೊಂಡ ಮೇಲೆ ತ್ಯಾಗರಾಜನಗರದ ಬಾಡಿಗೆ ಮನೆ ಬಿಟ್ಟು ನಮ್ಮ ಜೊತೆ ಇದ್ದರು. ಒಬ್ಬಳೇ ಮಗಳು, ಬೇರೆ ದಾರಿ ಇರಲಿಲ್ಲ. ಅಳಿಯನ ಮನೆಯಲ್ಲಿ ಇರಬೇಕಾಯಿತಲ್ಲ ಎಂಬ ಸಂಕೋಚ ಅವರಿಗೆ ಕೊನೆಯವರೆಗೂ ಹೋಗಲಿಲ್ಲ. ಹಳೆಯ ಪದ್ಧತಿಯ ಹೆಂಗಸು. ಅಳಿಯನ ಎದುರು ಕುರ್ಚಿಯಲ್ಲಿ ಕೂರುವವರಲ್ಲ, ಅಳಿಯನ ಜೊತೆ ನೇರ ಮಾತಾಡುವವರಲ್ಲ. ನಾನು ಮೂರಡಿ ದೂರದಲ್ಲಿ ಕೂತಿದ್ದರೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗಳಿಗೆ ಹೇಳುತ್ತಿದ್ದರು: “ಊಟಕ್ಕೆ ಏಳ್ತಾರಾ ಕೇಳು.” ನಾನು, “ಹತ್ತು ನಿಮಿಷ ಅಂತ ಹೇಳು,” ಎನ್ನುತ್ತಿದ್ದೆ. ನಡುವೆ ನನ್ನ ಹೆಂಡತಿ ತಲೆ ಚಚ್ಚಿಕೊಳ್ಳುತ್ತಿದ್ದಳು.

ಅವರಿಗೆ ತಮ್ಮದು ಅಂತ ಇದ್ದದ್ದು ಒಂದೇ. ಮಂಗಳವಾರ ಮತ್ತು ಶುಕ್ರವಾರ ಜೆ.ಪಿ. ನಗರದಲ್ಲಿ ಶಿಷ್ಯೆಯೊಬ್ಬರ ಮನೆಯ ಹಾಲಿನಲ್ಲಿ ಹತ್ತು ಹನ್ನೆರಡು ಹೆಂಗಸರಿಗೆ ದೇವರನಾಮ ಹೇಳಿಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಅವರು ಡಾಕ್ಟರ ಅತ್ತೆ. ಅಲ್ಲಿ ಮಾತ್ರ ಟೀಚರ್. ವಾರಕ್ಕೆ ಎರಡು ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು, ಶ್ರುತಿಪೆಟ್ಟಿಗೆ ಹಿಡಿದು ಹೊರಟರೆ ನಡಿಗೆಯೇ ಬೇರೆಯಾಗಿರುತ್ತಿತ್ತು.

ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ನಾನೇ ಅವರನ್ನು ಬಿಡುತ್ತಿದ್ದೆ. ಹಳೆಯ ಕಾರಿನಲ್ಲಿ ಅವರು ಹಿಂದಿನ ಸೀಟಿನ ಎಡಗಡೆ. ಮಾತು ದಾಟಿಸಲು ಮಗಳು ಇಲ್ಲದ್ದರಿಂದ ಅವರು ನನ್ನ ತಲೆಯ ಮೇಲಿನ ಕನ್ನಡಿಯ ಜೊತೆ ಮಾತಾಡುತ್ತಿದ್ದರು. “ಆ ಬಸ್ಸಿನವನಿಗೆ ಬ್ರೇಕಿಲ್ವೋ, ಬುದ್ಧಿ ಇಲ್ವೋ,” ಎಂದು ಕನ್ನಡಿಗೆ ಹೇಳುವರು. “ಎರಡೂ ಇರಲಾರದು,” ಎಂದು ನಾನೂ ಕನ್ನಡಿಗೆ ಹೇಳುವೆ. ಅವರ ನಾಲಿಗೆ ಎಷ್ಟು ಹರಿತ ಎಂದು ನನಗೆ ಗೊತ್ತಾದದ್ದು ಆ ಇಪ್ಪತ್ತು ನಿಮಿಷಗಳಲ್ಲಿ. ನನಗೆ ಅದು ಇಷ್ಟವಾಗಿತ್ತು, ಆದರೆ ಹೇಳಿದವನಲ್ಲ.

ಹೊಸ ಕಾರು ಬಂದ ಮೊದಲ ಶುಕ್ರವಾರ ಅವರು ಗೇಟಿನ ಬಳಿ ನಿಂತು ಹಿಂದಿನ ಬಾಗಿಲು ಹುಡುಕಿದರು. ಇರಲಿಲ್ಲ.

“ಮುಂದೆ ಕೂತ್ಕೊಳ್ಳಿ ಅತ್ತೆ,” ಅಂದೆ.

“ಪರವಾಗಿಲ್ಲ, ಹಿಂದೇನೇ ಆಗತ್ತೆ,” ಎಂದು ಗೇಟಿಗೆ ಹೇಳಿದರು. ಅಳಿಯನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವ ಹಾಗೆ, ಐದನೇ ಬ್ಲಾಕಿನಿಂದ ಜೆ.ಪಿ. ನಗರದವರೆಗೆ ಊರು ನೋಡುವಂತೆ ಕೂರುವುದೇ? ಪ್ರಾಣ ಹೋದರೂ ಸಾಧ್ಯವಿರಲಿಲ್ಲ. ಮುಂದಿನ ಸೀಟನ್ನು ಮಡಚಿದೆ. ಹಿಂದೆ ಸೀಟು ಎಂದು ಇದ್ದದ್ದು ಒಂದು ಹ್ಯಾಂಡ್‌ಬ್ಯಾಗು ಸುಖವಾಗಿ ಕೂರಬಹುದಾದ ಜಾಗ. ಅರವತ್ತೆಂಟರ ಅತ್ತೆ ಸೀರೆಯ ನೆರಿಗೆ ಹಿಡಿದು, ತಲೆ ತಗ್ಗಿಸಿ, ಪಕ್ಕಕ್ಕೆ ವಾಲಿ ಒಳಗೆ ಹೋದರು. ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವರ ತುರುಬು ಮಾತ್ರ ಕಾಣುತ್ತಿತ್ತು.

ಹೋಗುವುದೇನೋ ಹೋದರು, ಇಳಿಯಲಾಗಲಿಲ್ಲ. ಶಿಷ್ಯೆಯರೆಲ್ಲ ಹೊರಗೆ ಬಂದರು. ಒಬ್ಬಾಕೆ ಕೈ ಹಿಡಿದರು, ಇನ್ನೊಬ್ಬಾಕೆ ರಟ್ಟೆ. ಮೂಲೆಯ ಎಳನೀರಿನವನು ಮಚ್ಚು ಹಿಡಿದೇ ಬಂದು, “ತಲೆ ಮೊದ್ಲು ಅಮ್ಮ, ತಲೆ ಮೊದ್ಲು!” ಎಂದು ಹೆರಿಗೆ ಮಾಡಿಸುವವನ ಹಾಗೆ ನಿರ್ದೇಶನ ಕೊಟ್ಟ. ಸೆರಗು ಜಾರಿತು, ತುರುಬು ಬಿಚ್ಚಿತು, ಚಪ್ಪಲಿ ಒಳಗೇ ಉಳಿಯಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತೆಯವರು ಸೆರಗು ಸರಿಮಾಡಿಕೊಂಡು, ಯಾರನ್ನೂ ನೋಡದೆ ಬರಿಗಾಲಲ್ಲಿ ಒಳಗೆ ಹೋದರು.

ಇನ್ನೆರಡು ಸಲ ಹೀಗೇ ಆಯಿತು. ಆಮೇಲೆ ಒಂದು ಮಂಗಳವಾರ ಬಾಗಿಲಲ್ಲಿ ನಿಂತು ಮಗಳಿಗೆ ಹೇಳಿದರು: “ಕ್ಲಾಸಿಗೆ ಸ್ವಲ್ಪ ದಿವಸ ರಜ ಅಂತ ಹೇಳು. ನನಗೋಸ್ಕರ ಕಾಯೋದು ಬೇಡ.”

ನನಗಾದದ್ದು ಸಮಾಧಾನ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಜೆ.ಪಿ. ನಗರದ ಸುತ್ತು ತಪ್ಪಿತು, ಅದರ ಜೊತೆ ಐದು ಹಂಪುಗಳೂ ತಪ್ಪಿದವು. ಯಾಕೆ ರಜ, ಎಷ್ಟು ದಿನ ರಜ ಎಂದು ನಾಲ್ಕು ತಿಂಗಳು ನಾನು ಕೇಳಲಿಲ್ಲ. ಇತರರ ಬಾಯಿಯೊಳಗೆ ಟಾರ್ಚು ಬಿಟ್ಟು ಕೂದಲೆಳೆಯಷ್ಟು ಬಿರುಕು ಹುಡುಕುವವನಿಗೆ ಮನೆಯಲ್ಲಿ ಶ್ರುತಿಪೆಟ್ಟಿಗೆ ಅಟ್ಟ ಸೇರಿದ್ದು ಕಾಣಲಿಲ್ಲ.

ಶಿವರಾತ್ರಿ ಆಸುಪಾಸಿನಲ್ಲಿ ಅವರ ಶಿಷ್ಯೆಯೊಬ್ಬರು ದವಡೆ ಹಲ್ಲು ತೋರಿಸಲು ಬಂದರು. ಬಾಯಿ ಮುಕ್ಕಳಿಸಿ ಉಗುಳಿದವರೇ ಕೇಳಿದರು: “ಡಾಕ್ಟ್ರೇ, ಟೀಚರ್ ಬೆನ್ನುನೋವು ಹೇಗಿದೆ? ಅವರಿಲ್ದೆ ನಾವೇ ಹಳೇದನ್ನೇ ಹಾಡ್ಕೊಂಡು ಕೂತಿದೀವಿ. ಬೇರೆ ಟೀಚರನ್ನ ನೋಡೋಣ ಅಂತ ಕೆಲವರು ಅಂತಿದಾರೆ.”

“ಸುಮಾರಾಗಿದೆ,” ಅಂದೆ. ಅತ್ತೆಗೆ ಬೆನ್ನುನೋವೇ ಇರಲಿಲ್ಲ.

ಸಂಜೆ ಹೆಂಡತಿಯನ್ನು ಕೇಳಿದೆ. ಅವಳು ಪರೀಕ್ಷೆಯ ಪೇಪರಿನಿಂದ ತಲೆ ಎತ್ತಲಿಲ್ಲ. “ಇವತ್ತು ಗೊತ್ತಾಯ್ತಾ ನಿಮಗೆ?”

“ಆಟೋದಲ್ಲಿ ಹೋಗಬಹುದಿತ್ತಲ್ಲ?”

“ಅಮ್ಮಂಗೆ ಹೇಳ್ದೆ. ಅಷ್ಟು ದುಬಾರಿ ಕಾರು ಮನೆ ಮುಂದೆ ನಿಂತಿದ್ದು, ಅತ್ತೆ ಆಟೋದಲ್ಲಿ ಬಂದ್ರೆ ಜನ ಏನಂತಾರೆ? ಅಳಿಯನ ಮರ್ಯಾದೆ ಏನಾಗಬೇಕು? ಅಂತ ನನ್ನನ್ನೇ ಬೈದ್ರು. ನಿಮಗೆ ಹೇಳಬಾರದು ಅಂತ ಆಣೆ ಬೇರೆ.”

ನನಗೆ ಅವರ ಮೇಲೆ ಸಿಟ್ಟು ಬಂತು. ನನ್ನ ಮರ್ಯಾದೆ ಕಾಯಿರಿ ಎಂದು ಇವರನ್ನು ಕೇಳಿದವರು ಯಾರು? ಆ ಸಿಟ್ಟು ಇಳಿದ ಮೇಲೆ ನಾಚಿಕೆಯಾಯಿತು. ನಾಚಿಕೆ ಐದು ನಿಮಿಷವಿದ್ದಿರಬಹುದು. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂದು ಎದೆ ಉಬ್ಬಿತು: ನಾನು ಈ ಕಾರನ್ನು ತ್ಯಾಗ ಮಾಡುತ್ತೇನೆ.

ಅಡುಗೆಮನೆಗೆ ಹೋದೆ. ಅತ್ತೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. “ಅತ್ತೆ, ಕಾರು ಮಾರಿಬಿಡ್ತೀನಿ,” ಅಂದೆ. ದನಿ ಸ್ವಲ್ಪ ನಡುಗುವಂತೆ ನೋಡಿಕೊಂಡಿದ್ದೆ.

ಅವರು ಸೌಟು ಕೆಳಗಿಟ್ಟು ತಿರುಗಿದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

“ಬೇಡಿ. ಮಾರಿದ್ರೆ ಅತ್ತೆಗೋಸ್ಕರ ಮಾರಿದೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀರ. ಆ ಭಾರ ನನಗೆ ಬೇಡ.”

ನಾನು ಸಿಕ್ಕಿಬಿದ್ದಿದ್ದೆ. ಯಾಕೆಂದರೆ ಹಾಲಿನಿಂದ ಅಡುಗೆಮನೆಗೆ ನಡೆಯುವ ಹತ್ತು ಹೆಜ್ಜೆಯಲ್ಲಿ ನಾನು ಆ ವಾಕ್ಯವನ್ನು ಸಿದ್ಧಮಾಡಿಕೊಂಡಿದ್ದೆ. ಯಾರ ಯಾರ ಮುಂದೆ ಹೇಳಬೇಕು ಎಂಬ ಪಟ್ಟಿಯೂ ತಯಾರಾಗಿತ್ತು.

“ಯಾರಿಗೂ ಹೇಳಲ್ಲ,” ಅಂದೆ. “ಹಂಪಿಗೆ ತಾಗತ್ತೆ, ಅದಕ್ಕೆ ಮಾರಿದೆ ಅಂತೀನಿ.”

ಅವರು ಒಲೆಯ ಕಡೆ ತಿರುಗಿದರು. ಒಗ್ಗರಣೆ ಸೀದಿತ್ತು.

ಯುಗಾದಿಗೆ ಮೊದಲೇ ಕಾರು ಹೋಯಿತು. ಹುಳಿಮಾವಿನ ಕಡೆಯ ಬಿಲ್ಡರ್ ಒಬ್ಬ ಕೊಂಡ. ಅವನೂ ಮೊದಲು ಕೇಳಿದ್ದು, “ಎಷ್ಟು ಕೊಡತ್ತೆ?” ಎಂದೇ. ನಾನು ನಾಲ್ಕು ಬಾಗಿಲಿನ, ಬೀರುವಿನಂಥ ಎತ್ತರದ ಕಾರು ತಂದೆ. ಯಾರೂ ತಿರುಗಿಯೂ ನೋಡದಂಥದ್ದು. ಶ್ರುತಿಪೆಟ್ಟಿಗೆ ಅಟ್ಟದಿಂದ ಇಳಿಯಿತು. ಅತ್ತೆ ಹಿಂದಿನ ಸೀಟಿನಲ್ಲಿ ಕೂತು, ಮುಂದಿನ ಲಾರಿಯವನ ವಂಶೋದ್ಧಾರವನ್ನು ಕನ್ನಡಿಗೆ ಹೇಳಲು ಶುರು ಮಾಡಿದರು. ಕಾರು ಹೋದ ದುಃಖ ನಿಜಕ್ಕೂ ಅರ್ಧ ಇಳಿಯಿತು. ಕೇಳಿದವರಿಗೆಲ್ಲ ಹಂಪು, ಹಂಪು ಎಂದೆ.

ಹದಿನೈದು ದಿನ ತಡೆದುಕೊಂಡೆ. ಮೂರನೇ ವಾರದ ಶುಕ್ರವಾರ ಜೆ.ಪಿ. ನಗರದಲ್ಲಿ ಅತ್ತೆಯವರಿಗೆ ಬಾಗಿಲು ತೆಗೆಯುತ್ತಿದ್ದೆ. ಶಿಷ್ಯೆಯರು ನಾಲ್ಕೈದು ಮಂದಿ ಮೆಟ್ಟಿಲ ಮೇಲೆ ನಿಂತಿದ್ದರು. ಒಬ್ಬಾಕೆ, “ಅಯ್ಯೋ ಡಾಕ್ಟ್ರೇ, ಅಷ್ಟು ಚೆನ್ನಾಗಿರೋ ಕಾರು ಯಾಕೆ ಮಾರಿದ್ರಿ?” ಅಂದರು.

“ಏನ್ ಮಾಡೋದು ಮೇಡಂ, ಇವರಿಗೆ ಹತ್ತೋಕೆ ಕಷ್ಟ ಆಗ್ತಿತ್ತು. ನಮಗೆ ಕಾರು ಮುಖ್ಯಾನಾ, ಹಿರಿಯರು ಮುಖ್ಯಾನಾ?”

ನಾಲಿಗೆಗೆ ಎಲುಬಿಲ್ಲ. ಮೆಟ್ಟಿಲ ಮೇಲಿನವರೆಲ್ಲ ಒಟ್ಟಿಗೆ, “ಎಂಥಾ ಅಳಿಯ ಟೀಚರ್ ನಿಮಗೆ! ಪುಣ್ಯ ಮಾಡಿದ್ರಿ!” ಎಂದರು. ನಾನು ಕೈಮುಗಿದೆ, ಒಂದು ಕ್ಷಣ ಹಿತವಾಗಿಯೂ ಇತ್ತು. ಅತ್ತೆಯವರು ಶ್ರುತಿಪೆಟ್ಟಿಗೆ ಎತ್ತಿಕೊಂಡು ಅವರ ನಡುವೆಯೇ ದಾರಿ ಮಾಡಿಕೊಂಡು ಒಳಗೆ ಹೋದರು.

ಮುಂದಿನ ಮಂಗಳವಾರ ನಾನು ಹಿಂದಿನ ಬಾಗಿಲು ತೆಗೆದು ಕಾಯುತ್ತಿದ್ದೆ. ಅವರು ಇಸ್ತ್ರಿ ಸೀರೆಯಲ್ಲಿ ಹೊರಗೆ ಬಂದರು, ತೆರೆದಿದ್ದ ಬಾಗಿಲನ್ನು ಮೆತ್ತಗೆ ಮುಚ್ಚಿದರು, ನನ್ನ ಪಕ್ಕದಲ್ಲೇ ಹಾದು ಗೇಟಿನ ಮುಂದೆ ನಿಂತಿದ್ದ ಆಟೋ ಹತ್ತಿದರು. ಆಟೋ ಹೊರಟಿತು. ಎದುರು ಮನೆಯವರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, ಬೀದಿಗೆಲ್ಲ ಕೇಳುವ ಹಾಗೆ, “ಏನ್ ಡಾಕ್ಟ್ರೇ, ಮನೇಲಿ ಕಾರಿಟ್ಕೊಂಡು ಅತ್ತೆನ ಆಟೋದಲ್ಲಿ ಕಳಿಸ್ತಿದೀರ?” ಎಂದರು.

ಈ ಮಾತು ನನ್ನ ಕಿವಿಗೆ ಬೀಳಬಾರದೆಂದು ಅತ್ತೆಯವರು ನಾಲ್ಕು ತಿಂಗಳು ಹಾಡು ಬಿಟ್ಟು ಮನೆಯಲ್ಲಿ ಕೂತಿದ್ದರು. ನಮ್ಮ ಬೀದಿಯ ಕೊನೆಯಲ್ಲೇ ಆಟೋ ಸ್ಟ್ಯಾಂಡು ಇದೆ, ಎರಡು ನಿಮಿಷದ ನಡಿಗೆ. ಆವತ್ತು ಅವರು ಆಟೋವನ್ನು ಮನೆಯ ಮುಂದಕ್ಕೇ ಕರೆಸಿದ್ದರು.