ಕಾಲೆತ್ತಿದರೆ ಶ್ರುತಿ ಇಲ್ಲ

ತಾವರೆಕೆರೆಯಿಂದ ಒಳಗಿನ ಹಳ್ಳಿಯೊಂದರಲ್ಲಿ ಬೆಳಕು ಹರಿಯುತ್ತಿದೆ. ರಾತ್ರಿಯಿಡೀ ನಡೆದ ಪೌರಾಣಿಕ ನಾಟಕ ಈಗ ಮಂಗಳಕ್ಕೆ ಬಂದಿದೆ. ಗದೆ ಹೊತ್ತವನ ಗಂಟಲು ಕೂತಿದೆ, ಚಾಪೆಯ ಮೇಲಿನ ಪ್ರೇಕ್ಷಕರಲ್ಲಿ ಅರ್ಧ ಜನ ಮಲಗಿದ್ದಾರೆ. ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಒಬ್ಬರು ಮಾತ್ರ ಇನ್ನೂ ನೆಟ್ಟಗೆ ಕೂತಿದ್ದಾರೆ. ಕಾಲಲ್ಲಿ ತಿದಿ ತುಳಿಯುತ್ತ, ಕೈಯಲ್ಲಿ ನುಡಿಸುತ್ತ, ತಪ್ಪು ಹಾಡುವವನನ್ನು ಹುಬ್ಬಿನಲ್ಲೇ ಗದರುತ್ತಿರುವ ಇವರು ವನಜಾಕ್ಷಿ, ಕಾಲು ಹಾರ್ಮೋನಿಯಂ ಮೇಷ್ಟ್ರು. ಊರವರಿಗೆ ತಿಂಗಳುಗಟ್ಟಲೆ ಮಾತು, ಹಾಡು ಕಲಿಸಿ ನಾಟಕ ಕಟ್ಟುವುದು ಇವರ ಕಸುಬು.

ಹುಟ್ಟಿದ್ದು ಪಾವಗಡದ ಕಡೆ, ದಲಿತ ಕೇರಿಯಲ್ಲಿ. ಅಪ್ಪ ಪೆದ್ದಣ್ಣ ಆಯುಷ್ಯವೆಲ್ಲ ನಾಟಕದ ಪರದೆ ಎಳೆದರು. ಪರದೆಯ ಮುಂದೆ ಬರಲು ಅವರನ್ನು ಯಾರೂ ಬಿಡಲಿಲ್ಲ. ಮಗಳು ಹೆಣ್ಣು ಪಾತ್ರಗಳಿಗೆ ಬಣ್ಣ ಹಚ್ಚಿ ಮಧುಗಿರಿ, ಕೊರಟಗೆರೆ, ಶಿರಾ ಎಲ್ಲ ಸುತ್ತಿದರು, ಸುತ್ತುತ್ತಲೇ ಮೇಷ್ಟ್ರುಗಳ ಬೆರಳು ನೋಡಿ ಕಲಿತರು. “ಆಕ್ಟ್ ಮಾಡಾಕೆ ಎಲ್ರೂ ಕರೀತಿದ್ರು. ಹಾರ್ಮೋನಿಯಂ ಪೆಟ್ಗೆ ಮುಟ್ಟುದ್ರೆ ಮಾತ್ರ ‘ಯಾವ್ಳೇ ಇವ್ಳು’ ಅಂತಿದ್ರು. ಇವ್ಳೇ ಅಂತ ಕೂತ್ಕಂಡೇಬುಟ್ಟೆ ಕಣಮ್ಮ” ಎಂದು ನಗುತ್ತಾರೆ. ಪಾವಗಡದ ಕಡೆ ಹೋದರೆ ಪದ್ಯವನ್ನು ತೆಲುಗಿನಲ್ಲೇ ಹೇಳಿಕೊಡುತ್ತಾರೆ, ತಪ್ಪಿದವರಿಗೆ ಬೈಗುಳವೂ ತೆಲುಗಿನಲ್ಲೇ.

ದೊಡ್ಡ ಸಭೆಗಳಲ್ಲಿ ಇದಕ್ಕೆ ಸೃಜನಶೀಲ ಉದ್ಯಮ ಎಂದು ಹೆಸರಿಟ್ಟಿದ್ದಾರಂತೆ. ಇಟ್ಟುಕೊಳ್ಳಲಿ, ಇಲ್ಲಿ ನಾಟಕ ಆಡ್ಸೋದು ಅಂದರೆ ಸಾಕು. ಮಧುಗಿರಿಯಿಂದ ಡ್ರೆಸ್ಸು ಬರುತ್ತದೆ, ಕೊರಟಗೆರೆಯಿಂದ ಸೀನರಿ, ಶಿರಾದಿಂದ ಮೈಕ್ ಸೆಟ್ಟು. ಬೆಳಗಿನವರೆಗೂ ಟೀ, ಬೋಂಡದ ವ್ಯಾಪಾರ. ಒಂದು ನಾಟಕದಿಂದ ಎಷ್ಟೋ ಮನೆಯ ಒಲೆ ಉರಿಯುತ್ತದೆ. ಇಷ್ಟೆಲ್ಲವೂ ನಿಂತಿರುವುದು ಮೇಷ್ಟ್ರ ಮೇಲೆ.

ಅದಕ್ಕೇ ಪರದೆ ಏಳುವ ಮುಂಚೆ ಬಣ್ಣ ಹಚ್ಚಿದವರೆಲ್ಲ ಮೇಷ್ಟ್ರ ಕಾಲಿಗೆ ಬೀಳುವುದು ಈ ಕಡೆಯ ಪದ್ಧತಿ. ವನಜಾಕ್ಷಿ ಈಗ ಇರುವುದು ಬರಗೂರಿನ ಹತ್ತಿರ. ಹೋದ ವರ್ಷ ಪಕ್ಕದ ಹಳ್ಳಿಯ ನಾಟಕದಲ್ಲಿ ರಾಜಪಾರ್ಟಿನ ಪರಮೇಶ್ ಬೀಳಲಿಲ್ಲ. ಅಲ್ಲಿಯವರೆಗೂ ಗುಡಿಯ ಜಗಲಿಯ ಮೇಲೆ ಕೂತು, ಕೆಳಗೆ ಅಂಗಳದಲ್ಲಿ ಕೂತ ಈ ಹೆಂಗಸಿನಿಂದಲೇ ಪಾಠ ಕಲಿತಿದ್ದವನು. “ಪೆಟ್ಗೆಗೆ ಬೇಕಾದ್ರೆ ಕೈ ಮುಗೀತೀನಿ, ಆ ಕೇರಿಯವ್ಳ ಕಾಲಿಗೆ ಬೀಳಲ್ಲ” ಅಂದನಂತೆ. ಕೇಳುವಾಗ ನನಗೇ ಮೈ ಉರಿಯುತ್ತದೆ.

“ಬ್ಯಾಡ ಬುಡಪ್ಪ ಅಂದೆ. ಅವ್ನ ಎಂಟ್ರಿ ಬಂತು. ತಿದಿ ಮ್ಯಾಲಿಂದ ಎಲ್ಡೂ ಕಾಲೆತ್ತಿ ಕುರ್ಚಿ ಮ್ಯಾಲೆ ಚಕ್ಕಳಮಕ್ಕಳ ಹಾಕ್ಕಂಡು ಕೂತ್ಬುಟ್ಟೆ. ನನ್ ಕಾಲು ಬ್ಯಾಡ ಅಂದ್ಮೇಲೆ ಆ ಕಾಲಿಂದ ಬರೋ ಗಾಳಿ ಯಾಕೆ ಬೇಕು?”

ರಾಜ ಬಾಯಿ ತೆರೆದ. ಮೊದಲ ಸಾಲು ಒಂದು ಕಡೆ ಹೋಯಿತು, ಎರಡನೆಯದು ಇನ್ನೊಂದು ಕಡೆ. ಜನ ಶಿಳ್ಳೆ ಹೊಡೆದರು. ಕಿರೀಟದ ಕೆಳಗಿಂದ ಬೆವರು ಇಳಿಯಿತು. ಅಲ್ಲಿಯತನಕ ‘ಏ ವನಜಾಕ್ಷಿ’ ಅನ್ನುತ್ತಿದ್ದವನು ಮೈಕಿನಲ್ಲೇ “ಮೇಷ್ಟ್ರೇ, ಶ್ರುತಿ ಕೊಡಿ” ಅಂದ. ಆಮೇಲೆಯೇ ಕಾಲು ಕೆಳಗಿಳಿದದ್ದು.

ಮರ್ಯಾದೆ ಉಳಿಯಿತು, ಕೆಲಸ ಹೋಯಿತು. ಆ ಊರಿನವರು ‘ಅವಳಿಗೆ ತಲೆ ತಿರುಗಿದೆ’ ಎಂದು ಡಂಗುರ ಹೊಡೆದರು, ಸುತ್ತಲಿನ ಊರುಗಳು ಕರೆಯುವುದನ್ನು ಬಿಟ್ಟವು. ಈಗ ಕರೆಯುವುದು ತಾವರೆಕೆರೆಯಂಥ ದೂರದ ಕಡೆಯವರು ಮಾತ್ರ. ಜೊತೆಯಲ್ಲಿ ಬಣ್ಣ ಹಚ್ಚುತ್ತಿದ್ದ ಲಕ್ಕಮ್ಮ ಈಗಲೂ ಬೆಂಗಳೂರಿಗೆ ಹೋಗು ಅನ್ನುತ್ತಾರೆ, ಅಲ್ಲಿನ ತಂಡಗಳು ಕೈಮುಗಿದು ಕರೆದುಕೊಳ್ಳುತ್ತವೆ ಅನ್ನುತ್ತಾರೆ. ವನಜಾಕ್ಷಿ ಜಗ್ಗುವವರಲ್ಲ. “ಅಲ್ಲಿ ಯಾರೂ ಯಾವ ಕೇರಿ ಅಂತ ಕೇಳಲ್ಲ, ನಿಜ. ನಾನೂ ಹೊಂಟೋದ್ರೆ ಇಲ್ಲಿ ಕೇಳೋರ್ಗೆ ಉತ್ರ ಕೊಡೋರ್ಯಾರು? ನಂಗೆ ಮರ್ವಾದೆ ಇಲ್ಲೇ ಆಗ್ಬೇಕು.”

ನಾಟಕ ಮುಗಿದು ನಾವು ಟೀ ಕುಡಿಯುತ್ತಿರುವಾಗ ಒಂದು ಬೈಕು ಬಂದು ನಿಲ್ಲುತ್ತದೆ. ಇಳಿದವರು ಪರಮೇಶನ ಊರಿನ ಹಿರಿಯ ಜಯರಾಮಯ್ಯ. ಈ ಸಲ ಬೇರೆ ಮೇಷ್ಟ್ರನ್ನು ಕರೆಸಿದ್ದರಂತೆ. ಅವರು ಅರ್ಧಕ್ಕೇ ಕೈಬಿಟ್ಟು ಹೋಗಿದ್ದಾರೆ. ಚೀಲದಿಂದ ವೀಳ್ಯದ ತಟ್ಟೆ ತೆಗೆದು, “ಹಳೇದೆಲ್ಲ ಮರ್ತ್ಬುಡಮ್ಮ, ನಾಟ್ಕ ನಿಂತೋಯ್ತದೆ” ಅನ್ನುತ್ತಾರೆ.

“ಬತ್ತೀನಿ. ಆದ್ರೆ ಗುಡಿ ಅಂಗ್ಳಕ್ಕಲ್ಲ” ಅನ್ನುತ್ತಾರೆ ವನಜಾಕ್ಷಿ. “ಪ್ರಾಕ್ಟೀಸು ನಮ್ ಕೇರೀಲಿ, ನಮ್ಮನೆ ಜಗಲಿ ಮ್ಯಾಲೆ. ಸಂಜೆ ಆದ್ರೆ ಎಲ್ರೂ ಅಲ್ಲಿಗೇ ಬರ್ಬೇಕು. ಕಲಿಯೋರು ತಾನೇ ಮೇಷ್ಟ್ರ ಮನೇಗೆ ಬರೋದು?”

ಜಯರಾಮಯ್ಯ ತಲೆ ಕೆರೆದುಕೊಳ್ಳುತ್ತಾರೆ. “ಪರಮೇಶ ಬರ್ನಿಲ್ಲ ಅಂದ್ರೆ?”

ವನಜಾಕ್ಷಿ ಟೀ ಲೋಟ ಕೆಳಗಿಟ್ಟು ವೀಳ್ಯದ ತಟ್ಟೆಗೆ ಕೈಯೊಡ್ಡುತ್ತಾರೆ. “ಬರ್ದಿದ್ರೆ ಬುಡಿ ಜಯರಾಮಣ್ಣ. ರಾಜಪಾರ್ಟಿಗೆ ನಮ್ ಕೇರೀಲೂ ಮೀಸೆ ಇರೋರವ್ರೆ.”