ಎಡಗಡೆಯ ನಾಲ್ಕು ಸ್ವರಗಳು

ಪೌಡರ್ ಹಚ್ಚಿಕೊಂಡು ಹಾಲ್‌ಗೆ ಬಂದೆ. ತಂಗಿ ಶಾಂತ ನನ್ನ ಮುಖ ನೋಡಿ ನಕ್ಕಳು.

“ಎಂಥದಕ್ಕಾ ಇದು, ಅರ್ಧ ಮುಖಕ್ಕೆ ಮಾತ್ರ ಪೌಡರು? ಯಕ್ಷಗಾನಕ್ಕೆ ಹೊರಟ್ಯಾ?”

ನಾನೂ ನಕ್ಕೆ. ನಗುವಾಗ ಬಾಯಿಯ ಎಡಗಡೆಯಿಂದ ಜೊಲ್ಲು ಸೆರಗಿಗೆ ಇಳಿಯಿತಂತೆ. ನನಗೆ ಗೊತ್ತಾಗಲಿಲ್ಲ. ಶಾಂತನ ನಗು ನಿಂತಿತು.

ಸ್ಟ್ರೋಕ್.

ಮೂಡಿಗೆರೆಯಿಂದ ಚಿಕ್ಕಮಗಳೂರಿನ ಆಸ್ಪತ್ರೆಗೆ ಓಡಿದೆವು. ಸಿ.ಟಿ. ಸ್ಕ್ಯಾನ್, ಐ.ಸಿ.ಯು. ಮನೆಗೆ ಮರಳುವ ಹೊತ್ತಿಗೆ ಕಾಲು ಬಂದಿತ್ತು, ಮಾತು ಬಂದಿತ್ತು. ಉಳಿದದ್ದನ್ನು ನೆನೆದರೆ ಈಗಲೂ ಅಸಹ್ಯ. ಎಸ್ಟೇಟ್ ಮನೆಯಲ್ಲಿ ಹುಟ್ಟಿದವಳಿಗೆ ನುಂಗುವಾಗ ನೆತ್ತಿಗೇರದಿರಲೆಂದು ಕಾಫಿಗೆ ಥಿಕನರ್ ಪುಡಿ ಕಲಸಿ, ಗೋಂದಿನಂತೆ ಮಾಡಿ, ಚಮಚದಲ್ಲಿ ತಿನ್ನಿಸುತ್ತಿದ್ದರು. ಬಾತ್‌ರೂಮಿಗೆ ಹೋದರೆ ಶಾಂತ ಒಳಗೇ ನಿಂತಿರುತ್ತಿದ್ದಳು. ಬುದ್ಧಿ ಬಂದಾಗಿನಿಂದ ಬಾಗಿಲು ಹಾಕಿಕೊಂಡವಳು ನಾನು. ಮತ್ತೇನೂ ಬೇಡ, ಆ ಬಾಗಿಲೊಂದು ಬೇಕಿತ್ತು.

“ನಿಮಗೆ ಎಡಗಡೆಯ ಗಮನ ಹೋಗಿದೆ ಅಮ್ಮ. ಅದು ಬರೋವರೆಗೆ ಒಬ್ರೇ ಹೋಗ್ಬೇಡಿ, ಬಾಗಿಲ ಚೌಕಟ್ಟಿಗೆ ಬಡಿದು ಬೀಳ್ತೀರಿ,” ಎಂದರು ಡಾಕ್ಟರು.

ನಾನ್‌ಸೆನ್ಸ್ ಎಂದುಕೊಂಡೆ. ನನಗೆ ಎಲ್ಲವೂ ಕಾಣುತ್ತಿತ್ತು.

ಆಮೇಲೆ ಫಿಸಿಯೋಥೆರಪಿಯ ಹುಡುಗಿ ಒಂದು ಆಟಿಕೆ ತಂದಳು. ಉದ್ದನೆಯ ಬಿಳಿ ಪೆಟ್ಟಿಗೆ. ಅಕ್ಷರವಿಲ್ಲ, ಚಿತ್ರವಿಲ್ಲ, ಸಾಲಾಗಿ ದುಂಡನೆಯ ಗುಂಡಿಗಳು. ಒಂದು ಗುಂಡಿ ಬೆಳಗುತ್ತದೆ, ಮುಟ್ಟಿದರೆ ಒಂದು ಸ್ವರ ನುಡಿದು ಆರುತ್ತದೆ, ಆಮೇಲೆ ಇನ್ನೊಂದು.

“ಮಿನಿಮಲ್ ಡಿಸೈನ್, ಆಂಟಿ. ಚೆನ್ನಾಗಿದೆ ಅಲ್ವಾ?”

ಶೀತ ಹಿಡಿದ ಆಡಿನ ದನಿ ಅದಕ್ಕೆ. ಮುಟ್ಟಿದಾಗಲೆಲ್ಲ ಆ ಹುಡುಗಿ ನನಗೆ “ಗುಡ್ ಗರ್ಲ್” ಅನ್ನುತ್ತಿದ್ದಳು.

ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನನಗೆ ಪಿಯಾನೋ ಕಲಿಸಿದ್ದರು. ಮಂಜಿನ ಬೆಳಗಿನಲ್ಲಿ ಆ ಮ್ಯೂಸಿಕ್ ರೂಮಿನ ಕೀಗಳು ಎಷ್ಟು ತಣ್ಣಗಿರುತ್ತಿದ್ದವು ಎಂಬುದು ಬೆರಳಿಗೆ ಇನ್ನೂ ನೆನಪಿದೆ. ಸ್ಕೇಲ್ ಅಂದರೆ ಎಂಟು ಸ್ವರ. ಇದರಲ್ಲಿ ನಾಲ್ಕೇ, ಅದೂ ಮೇಲಿನವು: ಸೋ, ಲಾ, ಟೀ, ದೋ.

“ಇದು ಡಿಫೆಕ್ಟಿವ್ ಪೀಸ್. ಕೆಳಗಿನ ನಾಲ್ಕು ನೋಟ್ ಇಲ್ವೇ ಇಲ್ಲ. ವಾಪಸ್ ಮಾಡಿ,” ಎಂದೆ.

ಶಾಂತ ಬಂದು ಪೆಟ್ಟಿಗೆಯ ಮೇಲೆ ಕೈಯಾಡಿಸಿದಳು. ದೋ, ರೇ, ಮೀ, ಫಾ ಕೇಳಿಸಿತು. ಪಕ್ಕದ ಕೋಣೆಯಿಂದ ಬಂದ ಹಾಗೆ.

“ಅಲ್ಲಿ ಯಾರೇ ಬಾರಿಸ್ತಿರೋದು?”

ಸ್ವರ ನಿಂತಿತು.

“ನಾನೇ ಕಣಕ್ಕ,” ಎಂದಳು ಶಾಂತ ಮೆಲ್ಲಗೆ. “ಇಲ್ಲೇ, ನಿನ್ನ ಎಡಗಡೆ. ನಿನ್ನೆ ಪಲ್ಯ ಬಡಿಸ್ಲಿಲ್ಲ ಅಂತ ಬೈದ್ಯಲ್ಲ, ಅದೂ ತಟ್ಟೇಲೇ ಇತ್ತು.”

ಕಣ್ಣು ಹೋದವರಿಗೆ ಕತ್ತಲಾದರೂ ಇರುತ್ತದೆ. ನನಗೆ ಅದೂ ಇಲ್ಲದೆ, ಅರ್ಧ ಜಗತ್ತು ಹೋದ ಗುರುತೇ ಸಿಗದೆ, ಉಳಿದರ್ಧವನ್ನೇ ಪೂರ್ತಿ ಎಂದು ನಂಬಿ, ಮನೆಯವರನ್ನೆಲ್ಲ ಬೈಯುತ್ತ ಕೂತಿದ್ದೆ. ಜೊಲ್ಲಿಗಿಂತ, ಆ ಗೋಂದಿನ ಕಾಫಿಗಿಂತ ಇದು ನನಗೆ ಹೇಸಿಗೆ ಅನ್ನಿಸಿತು.

ಹುಡುಗಿ ಪೆಟ್ಟಿಗೆಯ ಎಡತುದಿಗೆ ಕೆಂಪು ಟೇಪ್ ಅಂಟಿಸಿದಳು. ಕೆಂಪು ಕಾಣುವವರೆಗೆ ಕತ್ತು ತಿರುಗಿಸಬೇಕು, ಆಮೇಲೆ ಶುರು. ಕತ್ತು ನೋವು, ವಾಕರಿಕೆ, ದಿನವೂ ಅದೇ ಆಡಿನ ಸಂಗೀತ.

“ಒಲೆಗೆ ಹಾಕೇ ಇದನ್ನ.”

“ಹಾಕ್ತೀನಿ ಮಾರಾಯ್ತಿ, ಮೊದ್ಲು ಎಡಗಡೆ ದೋ ಹುಡುಕು.”

ಒಂದು ಸಂಜೆ ಕೆಂಪು ಸಿಕ್ಕಿತು. ಅದರ ಪಕ್ಕದಲ್ಲೇ ಬೆಳಕು. ಒತ್ತಿದೆ. ಅಷ್ಟು ಕೆಟ್ಟ ದೋ ನಾನು ಜನ್ಮದಲ್ಲಿ ಕೇಳಿಲ್ಲ. ಮತ್ತೆ ಒತ್ತಿದೆ.

ಈಗಲೂ ಎಡ ಜಾರುತ್ತದೆ. ಆದರೆ ಚೌಕಟ್ಟನ್ನು ಹುಡುಕಿ, ನೋಡಿ, ದಾಟುತ್ತೇನೆ. ಬಾತ್‌ರೂಮಿಗೆ ಒಬ್ಬಳೇ ಹೋಗಲು ಹೋದ ವಾರ ಡಾಕ್ಟರು ಒಪ್ಪಿದರು. ಚಿಲಕ ಮಾತ್ರ ಹಾಕುವಂತಿಲ್ಲ.

ಬಾಗಿಲು ಎಳೆದುಕೊಂಡೆ.

“ಅಕ್ಕಾ, ಮಾತಾಡ್ತಾ ಇರು,” ಎಂದಳು ಶಾಂತ ಹೊರಗಿನಿಂದ.

“ಒಳಗಿಂದ ಕಾಮೆಂಟರಿ ಬೇರೆ ಕೊಡ್ಬೇಕೇನೇ ನಿಂಗೆ?”

ಆಮೇಲೆ ಸುಮ್ಮನಾದೆ. ಅವಳೂ ಮತ್ತೆ ಕೇಳಲಿಲ್ಲ. ಆ ಉಪಕಾರಕ್ಕೆ ಅವಳಿಗೆ ಇನ್ನೂ ಥ್ಯಾಂಕ್ಸ್ ಹೇಳಿಲ್ಲ.